ಎಲ್ಲಿಯವರೆಗೆ ಬಂದು ನಿಂತಿತು? ಬಿಡಿಭಾಗ ಬದಲಿಸಿದ ಮೇಲೆ ಬೂಟ್ ಆಗದ ಕಂಪ್ಯೂಟರ್

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಈ ಮೇಜಿನ ಮೇಲಿರುವ ಕಂಪ್ಯೂಟರ್ ಆನ್ ಮಾಡುತ್ತೇನೆ, ನೋಡಿ. ಬಟನ್ ಒತ್ತಿದೆ. ಫ್ಯಾನ್ ತಿರುಗುತ್ತಿದೆ, ಒಳಗೆ ಬೆಳಕೂ ಬಂದಿದೆ. ಮಾನಿಟರ್ ಮಾತ್ರ ಕಪ್ಪಗೇ ಇದೆ. ನಿನ್ನೆ ಸಂಜೆಯವರೆಗೂ ಚೆನ್ನಾಗಿ ನಡೆಯುತ್ತಿದ್ದ ಮಷೀನ್ ಇದು. ರಾತ್ರಿ ಕೂತು ಇದರ ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಬದಲಿಸಿದೆ. ಬದಲಿಸುವಾಗ ಬೇಕೆಂದೇ ಒಂದು ತಪ್ಪು ಮಾಡಿದ್ದೇನೆ. ಅದನ್ನು ನಾವೆಲ್ಲ ಸೇರಿ ಇಲ್ಲೇ ಹುಡುಕೋಣ.

ಇಂಥ ಸ್ಥಿತಿಯಲ್ಲಿ ಎಲ್ಲರ ಬಾಯಲ್ಲೂ ಮೊದಲು ಬರುವ ಪ್ರಶ್ನೆ ‘ಯಾವ ಪಾರ್ಟ್ ಹೋಗಿದೆ?’ ಅನ್ನುವುದು. ಈ ಪ್ರಶ್ನೆ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಅದನ್ನು ಕೇಳಿಕೊಂಡ ತಕ್ಷಣ ಕೈ ಹೊಸ ಪಾರ್ಟಿನ ಕಡೆಗೇ ಹೋಗುತ್ತದೆ. ಬಿಚ್ಚುತ್ತೇವೆ, ವಾಪಸ್ ಕೊಡುತ್ತೇವೆ, ಇನ್ನೊಂದು ತರುತ್ತೇವೆ, ಮತ್ತೆ ಅದೇ ಕಪ್ಪು ಪರದೆ. ಕೇಳಬೇಕಾದ ಪ್ರಶ್ನೆ ಬೇರೆ: ಬಟನ್ ಒತ್ತಿದ ಮೇಲೆ ಇದು ಎಲ್ಲಿಯವರೆಗೆ ಬಂದು ನಿಂತಿತು?

ಈ ಪಾಠ ನನಗೆ ಬಂದದ್ದು ನನ್ನದೇ ಮಷೀನ್‌ನಿಂದ. ಕೆಲವು ವರ್ಷಗಳ ಹಿಂದೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದೆ, ಡಿಸ್‌ಪ್ಲೇ ಬರಲಿಲ್ಲ. ಕಾರ್ಡ್ ಕೆಟ್ಟಿದೆ ಎಂದು ತೀರ್ಮಾನಿಸಿ ಬದಲಾಯಿಸಿಕೊಂಡು ಬಂದೆ. ಎರಡನೆಯದೂ ಹಾಗೇ. ಎರಡು ಸಂಜೆ ಕಳೆದ ಮೇಲೆ ಟಾರ್ಚ್ ಹಿಡಿದು ಬೋರ್ಡನ್ನು ಒಂದು ಬದಿಯಿಂದ, ಕಣ್ಣನ್ನು ಅದರ ಮಟ್ಟಕ್ಕೆ ತಂದು ನೋಡಿದೆ. ರ‍್ಯಾಮ್ ಪಟ್ಟಿಯ ಒಂದು ತುದಿ ಕೂದಲೆಳೆಯಷ್ಟು ಮೇಲೆದ್ದಿತ್ತು. ಆ ಬೋರ್ಡಿನಲ್ಲಿ ರ‍್ಯಾಮ್ ಸ್ಲಾಟಿನ ಕ್ಲಿಪ್ ಒಂದೇ ಕಡೆ ಇದೆ, ಗ್ರಾಫಿಕ್ಸ್ ಕಾರ್ಡ್ ಕಡೆಯ ತುದಿಗೆ ಕ್ಲಿಪ್ಪೇ ಇಲ್ಲ. ಭಾರದ ಕಾರ್ಡನ್ನು ಜೋರಾಗಿ ಒತ್ತಿದಾಗ ಬೋರ್ಡ್ ಸ್ವಲ್ಪ ಬಾಗಿ, ಕ್ಲಿಪ್ ಇಲ್ಲದ ಆ ತುದಿ ಎದ್ದುಬಿಟ್ಟಿತ್ತು. ಎರಡು ಕಾರ್ಡುಗಳಲ್ಲೂ ಯಾವ ದೋಷವೂ ಇರಲಿಲ್ಲ. ಅಂದಿನಿಂದ, ಹಾಕಿದ ವಸ್ತುವನ್ನು ಅನುಮಾನಿಸುವ ಮೊದಲು ಹಾಕುವಾಗ ನನ್ನ ಕೈ, ಮೊಣಕೈ, ಸ್ಕ್ರೂಡ್ರೈವರ್ ಎಲ್ಲೆಲ್ಲಿ ತಾಗಿತು ಎಂದು ನೆನಪು ಮಾಡಿಕೊಳ್ಳುತ್ತೇನೆ. ನಿಮಗೂ ಅದನ್ನೇ ಹೇಳುತ್ತೇನೆ. ಬಿಚ್ಚುವ ಮುಂಚೆ ಮೊಬೈಲ್‌ನಲ್ಲಿ ಎರಡು ಮೂರು ಫೋಟೋ ತೆಗೆದಿಟ್ಟುಕೊಂಡರೆ ಆ ನೆನಪು ಇನ್ನೂ ಸುಲಭ.

ಈಗ ಬಟನ್ ಒತ್ತಿದ ಮೇಲೆ ಒಳಗೆ ಏನಾಗುತ್ತದೆ ನೋಡೋಣ. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟ್‌ಗಳಿಗೆ ಇಳಿಸಿಕೊಡುವ ಡಬ್ಬ. ನಾವು ಇವತ್ತು ಬಳಸುವ ಎಸ್‌ಎಂಪಿಎಸ್, ಮದರ್‌ಬೋರ್ಡುಗಳ ಮೂಲ ರಚನೆ ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಮಾದರಿಯದು. ಅದರಲ್ಲಿ ಪ್ಲಗ್ ಹಾಕಿ ಹಿಂದಿನ ಸ್ವಿಚ್ ಆನ್ ಮಾಡಿದ ಕ್ಷಣದಿಂದಲೇ ಬೋರ್ಡಿಗೆ 5 ವೋಲ್ಟ್ ಹರಿಯುತ್ತಿರುತ್ತದೆ. ಮುಂದಿನ ಬಟನ್ ಒತ್ತಿದಾಗ ನಾವು ಕರೆಂಟನ್ನು ನೇರವಾಗಿ ಆನ್ ಮಾಡುವುದಿಲ್ಲ, ಬೋರ್ಡಿಗೆ ಒಂದು ಸೂಚನೆ ಕೊಡುತ್ತೇವೆ ಅಷ್ಟೆ. ಬೋರ್ಡ್ ಎಸ್‌ಎಂಪಿಎಸ್‌ಗೆ ‘ಶುರು ಮಾಡು’ ಎನ್ನುತ್ತದೆ. ಎಸ್‌ಎಂಪಿಎಸ್ ಎದ್ದು, ತನ್ನ 12, 5, 3.3 ವೋಲ್ಟ್‌ಗಳೆಲ್ಲ ನೆಲೆಗೊಂಡ ಮೇಲೆ, ಅರ್ಧ ಸೆಕೆಂಡಿನೊಳಗೆ, ‘ಪವರ್ ಸರಿ ಇದೆ’ ಎಂಬ ಸಂಕೇತವನ್ನು ಬೋರ್ಡಿಗೆ ವಾಪಸ್ ಕಳಿಸುತ್ತದೆ. ಅದು ಬರುವವರೆಗೂ ಪ್ರೊಸೆಸರ್‌ಗೆ ಕೆಲಸ ಶುರು ಮಾಡಲು ಬಿಡುವುದಿಲ್ಲ. ಬಂದ ಮೇಲೆ ಪ್ರೊಸೆಸರ್ ಬಯೋಸ್ ಓದತೊಡಗುತ್ತದೆ. ಬಯೋಸ್ ಅಂದರೆ ಮಷೀನನ್ನು ಎಬ್ಬಿಸಲು ಬೋರ್ಡಿನಲ್ಲೇ ಬರೆದಿಟ್ಟಿರುವ ಪ್ರೋಗ್ರಾಂ. ಬಯೋಸ್ ರ‍್ಯಾಮ್ ಸಿದ್ಧ ಮಾಡುತ್ತದೆ, ಗ್ರಾಫಿಕ್ಸ್ ಹುಡುಕುತ್ತದೆ, ಕೊನೆಗೆ ಯಾವ ಡಿಸ್ಕ್‌ನಿಂದ ವಿಂಡೋಸ್ ಅಥವಾ ಲಿನಕ್ಸ್ ಎಬ್ಬಿಸಬೇಕು ಎಂದು ನೋಡುತ್ತದೆ. ಈ ಸರಪಳಿಯ ಯಾವ ಕೊಂಡಿಯಲ್ಲಿ ನಿಂತಿತು ಎಂದು ಗೊತ್ತಾದರೆ ಅದರ ಹಿಂದಿನದೆಲ್ಲ ಸರಿ ಇದೆ ಎಂದೇ ಅರ್ಥ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಏನೂ ಆಗದ ಮಷೀನ್, ಅಂದರೆ ಫ್ಯಾನ್ ಕೂಡ ಅಲುಗದ ಮಷೀನ್, ನೋಡಲು ಭಯ ಹುಟ್ಟಿಸಿದರೂ ಸಾಮಾನ್ಯವಾಗಿ ಸುಲಭದ್ದು. ಹಿಂದಿನ ಸ್ವಿಚ್, ದೊಡ್ಡ 24 ಪಿನ್ ಕನೆಕ್ಟರ್, ಆಮೇಲೆ ಕ್ಯಾಬಿನೆಟ್‌ನ ಪವರ್ ಬಟನ್ನಿನ ಆ ಪುಟ್ಟ ಎರಡು ಪಿನ್ ವೈರ್. ಬೋರ್ಡ್ ಬದಲಿಸಿದಾಗ ಈ ವೈರ್ ಒಂದು ಪಿನ್ ಆಚೆಗೆ ಕೂತುಬಿಡುವುದು ತೀರ ಸಾಮಾನ್ಯ. ಬೋರ್ಡಿನ ಪುಸ್ತಕದಲ್ಲಿ ಆ ಎರಡು ಪಿನ್ ಯಾವುವು ಎಂದು ನೋಡಿ, ಸ್ಕ್ರೂಡ್ರೈವರ್ ತುದಿಯಿಂದ ಅವೆರಡನ್ನೂ ಒಂದು ಕ್ಷಣ ಒಟ್ಟಿಗೆ ಮುಟ್ಟಿಸಿ. ಮಷೀನ್ ಎದ್ದರೆ ತಪ್ಪು ಬಟನ್ನಿನದ್ದೋ ಅದರ ವೈರಿನದ್ದೋ ಇರುತ್ತದೆ. ಬಟನ್ ವೈರನ್ನು ತಿರುವಿ ಹಾಕಿದರೂ ನಡೆಯುತ್ತದೆ. ದೀಪದ ವೈರಿಗೆ ಮಾತ್ರ ಪ್ಲಸ್, ಮೈನಸ್ ಸರಿ ಇರಬೇಕು.

ಹತ್ತಿದ ತಕ್ಷಣ ಆರಿಹೋಗುವ ಮಷೀನ್ ಇನ್ನೊಂದು ಬಗೆ. ಇಲ್ಲಿ ಎಸ್‌ಎಂಪಿಎಸ್ ಏನೋ ಅಪಾಯ ಕಂಡು ತಾನೇ ನಿಲ್ಲಿಸಿಕೊಳ್ಳುತ್ತಿದೆ. ಹೊಸ ಬೋರ್ಡ್ ಹಾಕಿದವರು ಕ್ಯಾಬಿನೆಟ್ ತಟ್ಟೆಯ ಮೇಲಿನ ಹಿತ್ತಾಳೆ ಕಂಬಗಳನ್ನು ಒಮ್ಮೆ ಎಣಿಸಿ. ಹಳೆಯ ಬೋರ್ಡಿಗಾಗಿ ಇದ್ದ ಒಂದು ಕಂಬ ಹೊಸ ಬೋರ್ಡಿನಲ್ಲಿ ತೂತಿಲ್ಲದ ಕಡೆ ಉಳಿದಿದ್ದರೆ ಅದು ಬೋರ್ಡಿನ ಬೆನ್ನಿಗೆ ಒತ್ತಿಕೊಂಡು ಶಾರ್ಟ್ ಮಾಡುತ್ತದೆ. ಕೆಳಗೆ ಬಿದ್ದ ಸ್ಕ್ರೂ ಒಂದು ಬೋರ್ಡಿನಡಿ ಸೇರಿಕೊಂಡರೂ ಇದೇ ಕಥೆ. ಕೆಲವು ಸೆಕೆಂಡ್ ನಡೆದು ಆಮೇಲೆ ಆರಿದರೆ ಪ್ರೊಸೆಸರ್ ಕೂಲರ್ ನೋಡಿ: ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ತೆಗೆಯುವುದನ್ನು ಮರೆತರೆ, ಅಥವಾ ಒಂದು ಮೂಲೆ ಸರಿಯಾಗಿ ಕೂರದಿದ್ದರೆ, ಪ್ರೊಸೆಸರ್ ಬಿಸಿಯಾಗಿ ಮಷೀನನ್ನೇ ಆಫ್ ಮಾಡುತ್ತದೆ.

ಎಸ್‌ಎಂಪಿಎಸ್ ಬದಲಿಸಿದವರಿಗೆ ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಬಿಚ್ಚಬಹುದಾದ ಕೇಬಲ್ ಇರುವ ಎಸ್‌ಎಂಪಿಎಸ್‌ಗಳಲ್ಲಿ ಹಳೆಯದರ ಕೇಬಲ್ಲನ್ನು ಹೊಸದಕ್ಕೆ ಹಾಕಬೇಡಿ. ಬೋರ್ಡ್ ಕಡೆಯ ತುದಿಗೆ ಎಲ್ಲರೂ ಒಪ್ಪಿದ ನಿಯಮ ಇದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಕನೆಕ್ಟರ್ ಸಲೀಸಾಗಿ ಕೂರುತ್ತದೆ, ಆದರೆ 5 ವೋಲ್ಟ್ ಹೋಗಬೇಕಾದ ತಂತಿಯಲ್ಲಿ 12 ವೋಲ್ಟ್ ಹೋಗಬಹುದು. ಹಾರ್ಡ್‌ಡಿಸ್ಕ್ ಸುಟ್ಟರೆ ಅದರೊಳಗಿನ ವರ್ಷಗಳ ಫೋಟೋಗಳು ಹೋಗುತ್ತವೆ. ಹಾಗೆಯೇ ಎಸ್‌ಎಂಪಿಎಸ್ ಡಬ್ಬವನ್ನು ಎಂದೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ಚಾರ್ಜ್ ಉಳಿದಿರುತ್ತದೆ.

ಈಗ ಮೇಜಿನ ಮೇಲಿನ ಮಷೀನ್‌ಗೆ ಬರೋಣ. ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಇಲ್ಲ. ಜನ ಅತಿ ಹೆಚ್ಚು ತಲೆಕೆಡಿಸಿಕೊಳ್ಳುವುದು ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಫ್ಯಾನ್ ತಿರುಗಿದರೆ ಪ್ರೊಸೆಸರ್‌ಗೆ ಕರೆಂಟ್ ಸಿಕ್ಕಿದೆ ಎಂದು ಹೇಳಲಾಗದು. ಪ್ರೊಸೆಸರ್‌ಗೆ ಬೇರೆಯದೇ ಕೇಬಲ್ ಇದೆ, ಬೋರ್ಡಿನ ಮೇಲ್ಮೂಲೆಯಲ್ಲಿ, ಕೂಲರ್ ಹಿಂದೆ ಅವಿತಿರುವ 4 ಅಥವಾ 8 ಪಿನ್‌ನದ್ದು. ಅದನ್ನು ಹಾಕದಿದ್ದರೂ ಫ್ಯಾನ್‌ಗಳು ತಿರುಗುತ್ತವೆ, ದೀಪ ಹತ್ತುತ್ತದೆ, ಉಳಿದದ್ದೇನೂ ಆಗುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನದ್ದೂ 8 ಪಿನ್ನೇ, ಆದರೆ ಎರಡೂ ಒಂದಲ್ಲ. ಒಂದರಲ್ಲಿ 12 ವೋಲ್ಟ್ ಇರುವ ಸಾಲಿನಲ್ಲಿ ಇನ್ನೊಂದಕ್ಕೆ ಗ್ರೌಂಡ್ ಇದೆ. ಪಿನ್‌ಗಳ ಆಕಾರವೇ ಬೇರೆ ಮಾಡಿಟ್ಟಿರುವುದು ತಪ್ಪಿ ಹಾಕಬಾರದೆಂದು. ಕೂರದಿದ್ದರೆ ಬಲ ಹಾಕಬೇಡಿ. ಇಲ್ಲಿ ಆ ಕೇಬಲ್ ಸರಿಯಾಗಿ ಕೂತಿದೆ, ಕ್ಲಿಪ್ ಕೂಡ ಕೂತಿದೆ.

ಮಾನಿಟರ್ ಕೇಬಲ್? ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೂ ಕೇಬಲ್ಲನ್ನು ಹಳೆಯ ಅಭ್ಯಾಸದಂತೆ ಬೋರ್ಡಿನ ಎಚ್‌ಡಿಎಂಐ ಕಿಂಡಿಗೇ ಸಿಕ್ಕಿಸಿರುತ್ತಾರೆ. ಇದರ ತಿರುಗುಮುರುಗೂ ಇದೆ: ಹೊಸ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸೇ ಇರದಿರಬಹುದು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಎಫ್’ ಇರುವ ಚಿಪ್‌ಗಳಲ್ಲಿ ಇಲ್ಲ, ಎಎಂಡಿ ಕಂಪನಿಯ ರೈಜನ್ 5000 ಸಾಲಿನಲ್ಲಿ ‘ಜಿ’ ಇಲ್ಲದ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಇಲ್ಲ. ಅಂಥ ಚಿಪ್ ಹಾಕಿ ಕಾರ್ಡ್ ಹಾಕದೆ ಕೂತರೆ ಮಷೀನ್ ಪೂರ್ತಿ ಸರಿ ಇದ್ದರೂ ಪರದೆ ಬೆಳಗುವುದಿಲ್ಲ. ಇಲ್ಲಿ ಕಾರ್ಡ್ ಇದೆ, ಕೇಬಲ್ ಕಾರ್ಡಿಗೇ ಹೋಗಿದೆ.

ಹಾಗಾದರೆ ಬೋರ್ಡನ್ನೇ ಕೇಳೋಣ. ಇತ್ತೀಚಿನ ಬಹಳಷ್ಟು ಬೋರ್ಡುಗಳ ಅಂಚಿನಲ್ಲಿ ಸಾಲಾಗಿ ನಾಲ್ಕು ಪುಟ್ಟ ದೀಪಗಳಿರುತ್ತವೆ: ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್. ಪ್ರತಿ ಹಂತ ದಾಟಿದಂತೆ ದೀಪ ಮುಂದಕ್ಕೆ ಹೋಗುತ್ತದೆ. ಎಲ್ಲಿ ಹತ್ತಿಕೊಂಡು ನಿಂತಿತೋ ಅಲ್ಲಿ ತೊಂದರೆ. ದೀಪ ಇಲ್ಲದ ಹಳೆಯ ಬೋರ್ಡಾದರೆ ಚಿಕ್ಕದೊಂದು ಸ್ಪೀಕರ್ ಸಿಕ್ಕಿಸಿದರೆ ಬೀಪ್ ಕೊಡುತ್ತದೆ. ಎಷ್ಟು ಬೀಪ್‌ಗೆ ಏನರ್ಥ ಎನ್ನುವುದು ಬಯೋಸ್‌ನಿಂದ ಬಯೋಸ್‌ಗೆ ಬೇರೆ, ನಿಮ್ಮ ಬೋರ್ಡಿನ ಪುಸ್ತಕವನ್ನೇ ನೋಡಬೇಕು. ಮುಂದಿನ ಸಾಲಿನವರಿಗೆ ಕಾಣುತ್ತಿರಬಹುದು, ಇಲ್ಲಿ ಹತ್ತಿರುವುದು ಎರಡನೆಯ ದೀಪ, ರ‍್ಯಾಮ್‌ನದ್ದು. ಪ್ರೊಸೆಸರ್ ಎದ್ದಿದೆ, ಬಯೋಸ್ ನಡೆಯುತ್ತಿದೆ, ರ‍್ಯಾಮ್ ಹತ್ತಿರ ಬಂದು ನಿಂತಿದೆ. ಈ ಒಂದು ದೀಪ ಎಸ್‌ಎಂಪಿಎಸ್, ಬೋರ್ಡ್, ಪ್ರೊಸೆಸರ್ ಮೂರರ ಮೇಲಿನ ಅನುಮಾನವನ್ನೂ ಬಹುಪಾಲು ತೆಗೆದುಹಾಕಿತು.

ದೀಪ ಪ್ರೊಸೆಸರ್ ಮೇಲೇ ನಿಂತಿದ್ದರೆ ಇನ್ನೊಂದು ವಿಷಯ ಯೋಚಿಸಬೇಕಿತ್ತು. ಸಾಕೆಟ್‌ಗೆ ಕೂತ ಮಾತ್ರಕ್ಕೆ ಪ್ರೊಸೆಸರ್ ಬೋರ್ಡಿಗೆ ಹೊಂದುತ್ತದೆ ಎಂದಲ್ಲ. 2017ರಲ್ಲಿ ಬಂದ ಮೊದಲ ರೈಜನ್ ಕೂರುತ್ತಿದ್ದ ಎಎಂ4 ಸಾಕೆಟ್‌ಗೆ 2020ರ ಕೊನೆಯಲ್ಲಿ ಬಂದ ರೈಜನ್ 5000 ಚಿಪ್ ಕೂರುತ್ತದೆ. ಆದರೆ ಹಳೆಯ ಬಯೋಸ್‌ಗೆ ಆ ಚಿಪ್‌ನ ಪರಿಚಯವೇ ಇರುವುದಿಲ್ಲ. ಹಾಗಾಗಿ ಪ್ರೊಸೆಸರ್ ಬದಲಿಸುವವರು ಹಳೆಯ ಚಿಪ್ ಇನ್ನೂ ನಡೆಯುತ್ತಿರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿಕೊಳ್ಳಬೇಕು. ಮರೆತಿದ್ದರೆ, ಕೆಲವು ಬೋರ್ಡುಗಳಲ್ಲಿ ಪೆನ್‌ಡ್ರೈವ್ ಹಾಕಿ ಹಿಂದಿನ ಒಂದು ಬಟನ್ ಒತ್ತಿ, ಪ್ರೊಸೆಸರ್ ಇಲ್ಲದೆಯೇ ಬಯೋಸ್ ಬರೆಯುವ ವ್ಯವಸ್ಥೆ ಇದೆ. ಸಾಕೆಟ್‌ನ ಪಿನ್ ಬಾಗಿದ್ದರೂ ಇದೇ ದೀಪ ನಿಲ್ಲುತ್ತದೆ, ಕೆಲವೊಮ್ಮೆ ರ‍್ಯಾಮ್ ದೀಪವೂ ನಿಲ್ಲುತ್ತದೆ. ಈಗಿನ ಪ್ರೊಸೆಸರ್‌ಗಳಲ್ಲಿ ರ‍್ಯಾಮ್ ನಿಯಂತ್ರಿಸುವ ಭಾಗ ಪ್ರೊಸೆಸರ್ ಒಳಗೇ ಇರುವುದು ಅದಕ್ಕೆ ಕಾರಣ.

ಇಲ್ಲಿ ಕೈ ಹಾಕುವ ಮುಂಚೆ ಹಿಂದಿನ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ಮುಂದಿನ ಬಟನ್ನನ್ನು ಒಮ್ಮೆ ಒತ್ತಿ ಹಿಡಿದು ಉಳಿದ ಕರೆಂಟ್ ಖಾಲಿ ಮಾಡುತ್ತೇನೆ. ಬೋರ್ಡಿನ ಮೇಲಿನ ದೀಪ ಆರಿತು. ಕ್ಯಾಬಿನೆಟ್‌ನ ಬಣ್ಣ ಬಳಿಯದ ಲೋಹದ ಭಾಗವನ್ನು ಮುಟ್ಟುತ್ತೇನೆ. ಸ್ಥಿರ ವಿದ್ಯುತ್ತಿನ ಚುರುಕು ನಮ್ಮ ಬೆರಳಿಗೆ ತಿಳಿಯಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಚಿಪ್ ಹಾಳಾಗಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು, ಅಂದರೆ ನಮಗೆ ಗೊತ್ತೇ ಆಗದಂತೆ ಹಾಳು ಮಾಡಬಲ್ಲೆವು.

ರ‍್ಯಾಮ್ ಪಟ್ಟಿಗಳನ್ನು ನೋಡಿ. ಎರಡು ಪಟ್ಟಿಗಳಿವೆ, ನಾಲ್ಕು ಸ್ಲಾಟ್‌ಗಳಿವೆ. ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಬೇಕು. ಜಾಗ ಸರಿ ಇದೆ. ಆದರೆ ನಾಲ್ಕನೆಯದರ ಕೆಳತುದಿಗೆ ಟಾರ್ಚ್ ಬಿಟ್ಟಾಗ ಸ್ಲಾಟಿನ ಅಂಚಿನ ಮೇಲೆ ಬಂಗಾರದ ಬಣ್ಣದ ಒಂದು ಸಣ್ಣ ಗೆರೆ ಕಾಣುತ್ತದೆ. ಸರಿಯಾಗಿ ಕೂತ ಪಟ್ಟಿಯಲ್ಲಿ ಆ ಗೆರೆ ಕಾಣಬಾರದು. ನಾನು ಮಾಡಿದ್ದ ತಪ್ಪು ಇದೇ, ಅಂದು ಅರಿಯದೆ ಆದದ್ದನ್ನು ನಿನ್ನೆ ಅರಿತು ಮಾಡಿದ್ದೆ. ಪೂರ್ತಿ ತೆಗೆದು, ಪಟ್ಟಿಯ ಸೀಳು ಮತ್ತು ಸ್ಲಾಟಿನ ಗಂಟು ಎದುರುಬದುರು ಇವೆಯೇ ಎಂದು ನೋಡಿ, ಎರಡು ಹೆಬ್ಬೆರಳನ್ನು ಎರಡು ತುದಿಗಿಟ್ಟು ಸಮನಾಗಿ ಒತ್ತುತ್ತೇನೆ. ಟಕ್. ಈ ಸದ್ದು ಕೇಳಬೇಕು. ರ‍್ಯಾಮ್‌ನ ಎರಡು ತಲೆಮಾರುಗಳಾದ ಡಿಡಿಆರ್4, ಡಿಡಿಆರ್5 ಎರಡರಲ್ಲೂ 288 ಸಂಪರ್ಕಗಳಿದ್ದರೂ ಸೀಳಿನ ಜಾಗ ಬೇರೆ. ಒಂದರ ಸ್ಲಾಟ್‌ಗೆ ಇನ್ನೊಂದು ಹೋಗುವುದಿಲ್ಲ, ಹೋಗಿಸಲು ಯತ್ನಿಸಲೂಬಾರದು.

ಈಗ ಪ್ಲಗ್ ಹಾಕಿ ಆನ್ ಮಾಡಿದೆ. ಇನ್ನೂ ಕಪ್ಪು. ದಯವಿಟ್ಟು ಕಾಯಿರಿ, ಬಟನ್ ಮುಟ್ಟಬೇಡಿ. ಹೊಸ ರ‍್ಯಾಮ್ ಕಂಡಾಗ ಬಯೋಸ್ ಅದರ ಜೊತೆ ಯಾವ ಲಯದಲ್ಲಿ ಮಾತಾಡಬೇಕು ಎಂದು ಹೊಂದಿಸಿಕೊಳ್ಳುತ್ತದೆ, ಇದಕ್ಕೆ ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ. ಡಿಡಿಆರ್5 ಬೋರ್ಡುಗಳಲ್ಲಿ ಮೊದಲ ಸಲ ಇದಕ್ಕೆ ಹಲವು ನಿಮಿಷ ಹಿಡಿಯಬಹುದು, ಮಧ್ಯೆ ಮಷೀನ್ ತಾನೇ ಆಫ್ ಆಗಿ ಆನ್ ಆಗಬಹುದು. ಎಷ್ಟೋ ಜನ ಇದೇ ಹೊತ್ತಿನಲ್ಲಿ ಗಾಬರಿಯಾಗಿ ಆಫ್ ಮಾಡಿ, ಮತ್ತೆ ಆನ್ ಮಾಡಿ, ಟ್ರೇನಿಂಗ್ ಮುಗಿಯಲು ಬಿಡುವುದೇ ಇಲ್ಲ. ಸರಿ ಇದ್ದ ಬೋರ್ಡನ್ನು ಕೆಟ್ಟಿದೆ ಎಂದು ಬಿಚ್ಚುವುದು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಕಾಯುವ ಹೊತ್ತಿನಲ್ಲಿ, ಇಷ್ಟಾದರೂ ಬರದಿದ್ದರೆ ಏನು ಮಾಡುತ್ತಿದ್ದೆ ಎಂದು ಹೇಳುತ್ತೇನೆ. ಮೊದಲು ಬಯೋಸ್ ಸೆಟ್ಟಿಂಗ್ ಅಳಿಸುತ್ತಿದ್ದೆ: ಪ್ಲಗ್ ತೆಗೆದು, ಬೋರ್ಡಿನ ಮೇಲಿನ 3 ವೋಲ್ಟಿನ ಸಿಆರ್2032 ಸೆಲ್ಲನ್ನು ಕೆಲವು ನಿಮಿಷ ಹೊರಗಿಡುವುದು, ಅಥವಾ ಅದಕ್ಕೆಂದೇ ಇರುವ, ಪಿನ್‌ಗಳನ್ನು ಜೋಡಿಸುವ ಜಂಪರ್ ಬಳಸುವುದು. ಹಳೆಯ ರ‍್ಯಾಮ್‌ಗೆ ಇಟ್ಟಿದ್ದ ವೇಗ ಹೊಸದಕ್ಕೆ ಒಗ್ಗದೆ ನಿಂತಿದ್ದರೆ ಇದರಿಂದ ಎದ್ದುಬಿಡುತ್ತದೆ. ಆಮೇಲೆ ಒಂದೇ ರ‍್ಯಾಮ್ ಪಟ್ಟಿ, ಬೋರ್ಡಿನ ಪುಸ್ತಕ ಹೇಳುವ ಸ್ಲಾಟ್‌ನಲ್ಲಿ. ಅದೂ ಆಗದಿದ್ದರೆ ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರಗೆ ತೆಗೆದು ಅದರದೇ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್, ಎಸ್‌ಎಂಪಿಎಸ್ ಮತ್ತು ಡಿಸ್‌ಪ್ಲೇಗೆ ಬೇಕಾದದ್ದಷ್ಟೇ ಇಟ್ಟು ಆನ್ ಮಾಡುತ್ತಿದ್ದೆ. ಬೋರ್ಡ್ ಬಂದ ಬೂದು ಬಣ್ಣದ ಹೊಳೆಯುವ ಚೀಲದ ಮೇಲೆ ಇಡಬೇಡಿ, ಅದರ ಮೇಲ್ಮೈಯಲ್ಲೇ ವಿದ್ಯುತ್ ಹರಿಯಬಹುದು. ಅಲ್ಲಿ ಎದ್ದರೆ ಒಂದೊಂದೇ ಸೇರಿಸುತ್ತ, ಪ್ರತಿ ಸಲ ಆನ್ ಮಾಡಿ ನೋಡುತ್ತ ಹೋಗಬೇಕು. ಒಂದು ಸಲಕ್ಕೆ ಎರಡು ಬದಲಾವಣೆ ಮಾಡಿದರೆ ಸರಿಯಾದರೂ ಯಾವುದರಿಂದ ಆಯಿತು ಗೊತ್ತಾಗುವುದಿಲ್ಲ.

ಬಂತು. ಪರದೆ ನೋಡಿ. ಆದರೆ ಬೂಟ್ ಮಾಡಲು ಡಿಸ್ಕ್ ಇಲ್ಲ ಎನ್ನುತ್ತಿದೆ. ನನಗೆ ಇದು ಸಂತೋಷದ ಸುದ್ದಿ. ಹಾರ್ಡ್‌ವೇರ್ ಸರಪಳಿ ಪೂರ್ತಿ ದಾಟಿದೆ, ಇನ್ನು ಸ್ಕ್ರೂಡ್ರೈವರ್ ಕೆಳಗಿಡಬಹುದು.

ಇಲ್ಲಿ ಮೊದಲು ನೋಡಬೇಕಾದ್ದು ಬಯೋಸ್‌ಗೆ ಡಿಸ್ಕ್ ಕಾಣುತ್ತಿದೆಯೇ ಎಂದು. ಕಾಣದಿದ್ದರೆ ಕೇಬಲ್ ನೋಡಿ. ಕೆಲವು ಬೋರ್ಡುಗಳಲ್ಲಿ ಪಟ್ಟಿಯಂಥ ಪುಟ್ಟ ಡಿಸ್ಕ್ ಕೂರುವ ಒಂದು ಎಂ.2 ಸ್ಲಾಟ್ ತುಂಬಿದರೆ, ಕೇಬಲ್‌ನಿಂದ ಡಿಸ್ಕ್ ಸೇರಿಸುವ ಒಂದೆರಡು ಸಾಟಾ ಕಿಂಡಿಗಳು ಕೆಲಸ ನಿಲ್ಲಿಸುತ್ತವೆ, ಪುಸ್ತಕದಲ್ಲಿ ಅದು ಬರೆದಿರುತ್ತದೆ. ಡಿಸ್ಕ್ ಕಾಣುತ್ತಿದ್ದೂ ಬೂಟ್ ಆಗದಿದ್ದರೆ ಅದನ್ನು ಯಾವ ವಿಧಾನದಲ್ಲಿ ಸಿದ್ಧ ಮಾಡಿದ್ದರು ಎನ್ನುವುದು ಮುಖ್ಯ. ಎಂಬಿಆರ್ ಎಂಬ ಹಳೆಯ ವಿಧಾನದಲ್ಲಿ ಸಿದ್ಧ ಮಾಡಿದ ಡಿಸ್ಕ್‌ನಿಂದ ವಿಂಡೋಸ್ ಎಬ್ಬಿಸಲು ಬಯೋಸ್‌ನಲ್ಲಿ ಸಿಎಸ್‌ಎಂ ಎಂಬ ಹಳೆಯ ಪದ್ಧತಿ ಆನ್ ಇರಬೇಕು. ಹೊಸ ಬೋರ್ಡುಗಳಲ್ಲಿ ಅದು ಸಾಮಾನ್ಯವಾಗಿ ಆಫ್ ಇರುತ್ತದೆ. ಸೆಲ್ ತೆಗೆದು ಸೆಟ್ಟಿಂಗ್ ಅಳಿಸಿದಾಗಲೂ ಇದೇ ಬದಲಾಗಿ, ಮೊದಲಿಗಿಂತ ಇನ್ನೊಂದು ಹೊಸ ತೊಂದರೆ ಎದ್ದಂತೆ ಕಾಣಬಹುದು. ವಿಂಡೋಸ್ ಅರ್ಧ ಎದ್ದು ನೀಲಿ ಪರದೆಯಲ್ಲಿ ಬೂಟ್ ಡಿಸ್ಕ್ ಕೈಗೆ ಸಿಗುತ್ತಿಲ್ಲ ಎಂದರೆ ಬಯೋಸ್‌ನಲ್ಲಿ ಬೋರ್ಡ್ ಡಿಸ್ಕ್‌ಗಳ ಜೊತೆ ಮಾತಾಡುವ ವಿಧಾನ ಎಎಚ್‌ಸಿಐ ಇದೆಯೋ ರೇಡ್ ಇದೆಯೋ ನೋಡಿ, ಹಳೆಯ ಬೋರ್ಡಿನಲ್ಲಿ ಏನಿತ್ತೋ ಅದಕ್ಕೇ ತನ್ನಿ. ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡುವುದು ಕೊನೆಯ ಉಪಾಯವಾಗಿರಲಿ.

ಇನ್ನೊಂದು ಮಾತು ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಪರಿಚಿತರೊಬ್ಬರು ಬೋರ್ಡ್ ಬದಲಿಸಿದರು. ಎಲ್ಲ ಸರಿಯಾಗಿ ಎದ್ದು, ಪರದೆ ಮೇಲೆ ಬಿಟ್‌ಲಾಕರ್, ಅಂದರೆ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ, 48 ಅಂಕಿಯ ಕೀ ಕೇಳಿತು. ತಮ್ಮ ಡಿಸ್ಕ್ ಲಾಕ್ ಆಗಿತ್ತೆಂಬುದೇ ಅವರಿಗೆ ಗೊತ್ತಿರಲಿಲ್ಲ. ಇತ್ತೀಚಿನ ಎಷ್ಟೋ ವಿಂಡೋಸ್ ಮಷೀನ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿಸ್ಕ್ ತಾನೇ ಎನ್‌ಕ್ರಿಪ್ಟ್ ಆಗುತ್ತದೆ. ಅದನ್ನು ತೆರೆಯುವ ಗುಟ್ಟು ಟಿಪಿಎಂ ಎಂಬ ಭಾಗದಲ್ಲಿರುತ್ತದೆ, ಬೋರ್ಡ್ ಅಥವಾ ಪ್ರೊಸೆಸರ್ ಬದಲಾದರೆ ಆ ಗುಟ್ಟೂ ಅದರ ಜೊತೆ ಹೋಗುತ್ತದೆ. ಕೀ ಹೆಚ್ಚಿನ ಸಲ ಅದೇ ಖಾತೆಯಲ್ಲಿ ಉಳಿದಿರುತ್ತದೆ. ಅವರಿಗೆ ಆ ಖಾತೆಯ ಪಾಸ್‌ವರ್ಡ್ ನೆನಪಿರಲಿಲ್ಲ, ಅದಕ್ಕೆ ಕೊಟ್ಟಿದ್ದ ಫೋನ್ ನಂಬರ್ ಬಿಟ್ಟು ವರ್ಷಗಳಾಗಿದ್ದವು. ತೀರಿಹೋದ ತಾಯಿಯ ಫೋಟೋಗಳು ಆ ಡಿಸ್ಕ್‌ನೊಳಗೇ ಉಳಿದವು. ಆ ದಿನ ಅವರ ಪಕ್ಕದಲ್ಲಿ ಕೂತಿದ್ದ ನನಗೆ ಮಾಡಲು ಏನೂ ಇರಲಿಲ್ಲ. ಹಾಗಾಗಿ ಕೇಳಿಕೊಳ್ಳುತ್ತೇನೆ, ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುಂಚೆ ಈ ಕೀಯನ್ನು ಕಾಗದದ ಮೇಲೆ ಬರೆದಿಡಿ, ಮುಖ್ಯವಾದದ್ದರ ನಕಲನ್ನು ಬೇರೆ ಡಿಸ್ಕ್‌ನಲ್ಲಿಡಿ. ಬಯೋಸ್ ಏನಾದರೂ ಟಿಪಿಎಂ ಅಳಿಸಲೇ ಎಂದು ಕೇಳಿದರೆ ಕೀ ಕೈಯಲ್ಲಿಲ್ಲದೆ ಒಪ್ಪಬೇಡಿ.

ಈ ಮಷೀನ್‌ಗೆ ಮರಳಿದರೆ, ಇದರ ಡಿಸ್ಕ್ ಬಯೋಸ್‌ಗೆ ಕಾಣುತ್ತಿದೆ. ನಿನ್ನೆ ಪೆನ್‌ಡ್ರೈವ್ ಮೊದಲು ಎಂದು ಇಟ್ಟಿದ್ದೆ, ಡಿಸ್ಕನ್ನು ಪಟ್ಟಿಗೇ ಸೇರಿಸಿರಲಿಲ್ಲ. ಸೇರಿಸಿ ಮೇಲಕ್ಕೆ ತಂದೆ, ಸೇವ್ ಮಾಡಿದೆ. ಕೀ ಕೇಳುತ್ತಿದೆ, ಈ ಚೀಟಿಯಲ್ಲಿ ಬರೆದು ತಂದಿದ್ದೇನೆ, ಹಾಕುತ್ತೇನೆ. ಡೆಸ್ಕ್‌ಟಾಪ್ ಬಂತು. ಮೂಲೆಯಲ್ಲಿ ತಾರೀಕು ವರ್ಷಗಳ ಹಿಂದಿನದನ್ನು ತೋರಿಸುತ್ತಿದೆ, ಹೊಸ ಬೋರ್ಡಿನ ಗಡಿಯಾರಕ್ಕೆ ಇವತ್ತು ಯಾವ ದಿನ ಎಂದು ಯಾರೂ ಹೇಳಿಲ್ಲ. ಹೀಗೇ ಬಿಟ್ಟರೆ ಬ್ರೌಸರ್ ಸುರಕ್ಷಿತ ತಾಣಗಳನ್ನು ತೆರೆಯಲು ಒಪ್ಪುವುದಿಲ್ಲ, ನೀವು ಇಂಟರ್ನೆಟ್ ಕೆಟ್ಟಿದೆ ಎಂದುಕೊಳ್ಳುತ್ತೀರಿ. ಇದನ್ನೊಂದು ಸರಿ ಮಾಡುತ್ತೇನೆ, ಆಮೇಲೆ ನಿಮ್ಮ ಪ್ರಶ್ನೆಗಳಿಗೆ ಬರೋಣ.